ಹೆಸರಿಡದ ಕೂಸು, ಹೋದ ವರ್ಷದ ಕಾರ್ಡು

ಕಳೆದ ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ಚಾಮರಾಜಪೇಟೆಯ ಒಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದನ್ನು ಕಂಡೆ. ಆ ಮನೆಗೆ ಸಿಡುಬು ಬಂದಿದೆ. ಅಲ್ಲಿಂದ ಮೂರನೆಯ ಮನೆ ನನ್ನ ತಂಗಿಯ ಮಗಳು ಲಲಿತಳದು. ಅವಳಿಗೆ ಎರಡು ತಿಂಗಳ ಮಗು.

ಆದರೂ ನಾನು ಹೆದರಲಿಲ್ಲ. ಸಿಡುಬಿನ ದಾಕು, ಅಂದರೆ ಲಸಿಕೆ, ಹಾಕಬೇಕಾದ ಮಕ್ಕಳ ಪಟ್ಟಿ ತಯಾರಾಗುವುದೇ ನಮ್ಮ ಆಫೀಸಿನಲ್ಲಿ. ದಾಕಿನವರು ಹಿಂದಿನ ದಿನವೇ ಆ ಬೀದಿಗೆ ಹೋಗಿದ್ದರು.

"ಪಾಪುಗೆ ದಾಕು ಹಾಕಿದ್ರಾ?" ಎಂದೆ, ಲಲಿತಳ ಮನೆಯಲ್ಲಿ ಕೂತು ಕಾಫಿ ಕುಡಿಯುತ್ತಾ.

"ಇಲ್ಲ ಮಾವ. ಅಕ್ಕಪಕ್ಕದ ಮಕ್ಕಳಿಗೆಲ್ಲ ಹಾಕಿದ್ರು. ಇವಳು ಪಟ್ಟೀಲಿ ಇಲ್ಲ ಅಂದ್ರು." ಲಲಿತ ನಕ್ಕಳು. "ಇನ್ನೂ ಹೆಸರೇ ಇಟ್ಟಿಲ್ವಲ್ಲ, ಪಟ್ಟೀಲಿ ಎಲ್ಲಿಂದ ಬರತ್ತೆ?"

ನಾನು ನಗಲಿಲ್ಲ. ಕಾಫಿ ಲೋಟ ಕೆಳಗಿಟ್ಟೆ.

ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ಆಫೀಸಿಗೆ ಹೊಸದಾಗಿ ಕಾರ್ಡ್ ಮೆಷಿನ್ ಬಂದಿದೆ. ಒಂದು ಮಗುವಿಗೆ ಒಂದು ಕಾರ್ಡು. ಹೆಸರು, ವಯಸ್ಸು, ಮನೆ ನಂಬರ್ ಎಲ್ಲವೂ ಅದರಲ್ಲಿ ತೂತುಗಳು. ಮೆಷಿನ್ನಿನ ಹಲಗೆಗೆ ನಾವು ತಂತಿ ಸಿಕ್ಕಿಸಿದಂತೆ ಅದು ಕಾರ್ಡು ಆರಿಸಿ ಪಟ್ಟಿ ಮಾಡುತ್ತದೆ. ತಂತಿ ಸರಿಯಾಗಿದೆಯೇ ಎಂದು ಮೊದಲು ಪರೀಕ್ಷೆ ಮಾಡಬೇಕು. ಯಾವ ಕಾರ್ಡು ಹಾಕಿ?

ಹೋದ ವರ್ಷದ್ದು ಎಂದೆ ನಾನು. ಅದರ ಪಟ್ಟಿ ಕೈಬರಹದಲ್ಲಿ ನಮ್ಮ ಬಳಿ ಇತ್ತು, ಹೋಲಿಸಬಹುದಿತ್ತು. (ಮೂವತ್ತು ವರ್ಷ ಹೀಗೇ ಕೆಲಸ ಮಾಡಿದವನು ನಾನು. ಐದಕ್ಕೆ ಸ್ನಾನ, ಹತ್ತಕ್ಕೆ ಐದು ನಿಮಿಷವಿರುವಾಗ ಕುರ್ಚಿ.)

ಶನಿವಾರ ಪರೀಕ್ಷೆ ಮುಗಿಯಿತು. ಒಂದು ಅಕ್ಷರವೂ ತಪ್ಪಿರಲಿಲ್ಲ. ಕಾರ್ಡಿಗೆ ತೂತು ಹಾಕುವ ಸರೋಜಮ್ಮ ಮಾತ್ರ ಎದ್ದು ನಿಂತರು.

"ಸಾರ್, ಈ ವಾರದ್ದೂ ಒಂದು ಕಟ್ಟು ಹಾಕಿ ನೋಡೋಣ."

"ಅದರ ಉತ್ತರ ಗೊತ್ತೇನಮ್ಮ?"

"ಇಲ್ಲ."

"ಮತ್ತೆ ಯಾವುದಕ್ಕೆ ಹೋಲಿಸಿ ನೋಡ್ತೀರಿ?"

"ಹಾಗಾದ್ರೆ ಹೋದ ವರ್ಷದ ಮಕ್ಕಳಿಗೇ ದಾಕು ಹಾಕಿಸಿಬಿಡಿ ಸಾರ್."

ಎಲ್ಲರೂ ನಕ್ಕರು. ನಾನು ರುಜು ಹಾಕಿದೆ. ಮೆಷಿನ್ ಈ ವಾರದ ಪಟ್ಟಿ ಮಾಡಿತು, ಸೋಮವಾರ ದಾಕಿನವರು ಅದನ್ನು ಹಿಡಿದು ಹೊರಟರು.

ಮಂಗಳವಾರ ಲಲಿತಳ ಮನೆಯಿಂದ ನೇರ ಆಫೀಸಿಗೆ ಓಡಿದೆ. ಹೆಸರಿನ ಜಾಗ ಖಾಲಿಯಿದ್ದರೆ ಅದು ಕೆಟ್ಟ ಕಾರ್ಡು, ಪಕ್ಕದ ಡಬ್ಬಕ್ಕೆ ತಳ್ಳು ಎಂದು ತಂತಿ ಸಿಕ್ಕಿಸಿದ್ದೆವು. ಹೋದ ವರ್ಷದ್ದು ಒಂದೂ ಡಬ್ಬಕ್ಕೆ ಬಿದ್ದಿರಲಿಲ್ಲ. ಹೇಗೆ ಬೀಳುತ್ತದೆ? ವರ್ಷ ಮುಗಿಯುವ ಹೊತ್ತಿಗೆ ಎಲ್ಲ ಕೂಸುಗಳಿಗೂ ನಾಮಕರಣವಾಗಿ, ನಾವೇ ಹೆಸರು ತುಂಬಿಸಿದ್ದೆವು. ಈ ವಾರದ ಪಟ್ಟಿಯ ಕೂಸುಗಳಿಗೆ ಇನ್ನೂ ಅಜ್ಜಿ ಊರಿಂದ ಬರಬೇಕು, ಒಳ್ಳೆಯ ದಿನ ಸಿಗಬೇಕು, ಹೆಸರಿನ ಜಗಳ ಮುಗಿಯಬೇಕು.

ಡಬ್ಬವನ್ನು ಸರೋಜಮ್ಮ ಆಗಲೇ ನನ್ನ ಮೇಜಿನ ಮೇಲೆ ತಂದಿಟ್ಟಿದ್ದರು. ಒಳಗೆ ಒಂದು ಗೇಣು ದಪ್ಪದ ಕಟ್ಟು. ಒಂದೊಂದು ಕಾರ್ಡೂ ಒಂದು ಕೂಸು.

ಎಲ್ಲರೂ ಕೂತು ಕೈಯಲ್ಲೇ ಪಟ್ಟಿ ಬರೆದೆವು. ಬುಧವಾರ ಆ ಮಕ್ಕಳಿಗೆಲ್ಲ ದಾಕು ಹಾಕಿದರು, ಲಲಿತಳ ಮಗಳಿಗೂ. ಆದರೆ ಬೇವಿನ ಸೊಪ್ಪಿನ ಮನೆಯಾಕೆ ಸೋಮವಾರ ಸಂಜೆಯೇ ಆ ಮಗುವನ್ನು ಎತ್ತಿ ಮುದ್ದಾಡಿದ್ದರಂತೆ. ದಾಕು ಹಿಡಿಯುವುದು ಮೊದಲೋ, ಸಿಡುಬು ಹಿಡಿಯುವುದು ಮೊದಲೋ? ಹನ್ನೆರಡು ದಿನ ಕಾಯಬೇಕು ಎಂದರು ಡಾಕ್ಟರು.

ಆ ಸೋಮವಾರದಿಂದ ಇವತ್ತಿಗೆ ಏಳು ದಿನ. ದಿನಾ ಬೆಳಿಗ್ಗೆ ಏಳಕ್ಕೆ ಹೋಗಿ ಮಗುವಿನ ಹಣೆ ಮುಟ್ಟಿ ಬರುತ್ತೇನೆ. ಇವತ್ತು ಸ್ವಲ್ಪ ಬಿಸಿಯಿತ್ತು.

"ದಾಕಿನ ಜ್ವರ ಇರಬೇಕು ಮಾವ," ಎಂದಳು ಲಲಿತ. ಈಗ ಅವಳೂ ನಗುತ್ತಿಲ್ಲ.

ಇರಬೇಕು. ಯಾವುದಕ್ಕೆ ಹೋಲಿಸಿ ನೋಡಲಿ?