ಓವನ್ನಿನಲ್ಲಿದ್ದ ರೊಟ್ಟಿ

ನಮ್ಮ ಮನೆಯ ಓವನ್ನಿನಲ್ಲಿ ನಾವು ಎಂದೂ ಏನನ್ನೂ ಬೇಯಿಸುತ್ತಿರಲಿಲ್ಲ. ಇಂಗ್ಲೆಂಡಿನ ಸೊಲಿಹಲ್‌ನ ಈ ಮನೆಗೆ ಬಂದ ದಿನದಿಂದ ಅದು ನನ್ನ ಹೆಂಡತಿಯ ಕಪಾಟು. ಮೇಲಿನ ಜಾಲರಿಯ ಮೇಲೆ ಬಾಣಲೆ, ಹಂಚು, ಪಡ್ಡಿನ ತವೆ. ಕೆಳಗೆ ದೊಡ್ಡದೊಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಖಡಕ್ ರೊಟ್ಟಿ. ಈ ದೇಶದ ತೇವದಲ್ಲಿ ಜೋಳದ ರೊಟ್ಟಿ ಎಲ್ಲಿಟ್ಟರೂ ಮೆತ್ತಗಾಗುತ್ತದೆ. ಬಾಗಿಲು ಬಿಗಿಯಾಗಿ ಮುಚ್ಚುವ ಓವನ್ನಿನಲ್ಲಿ ಮಾತ್ರ ತಿಂಗಳಾದರೂ ಕಟಕಟ ಅನ್ನುತ್ತದೆ ಎಂದು ಅವಳೇ ಕಂಡುಕೊಂಡಿದ್ದಳು. ಇಲ್ಲಿರುವ ನಮ್ಮ ಕಡೆಯವರ ಮನೆಗಳಲ್ಲಿ ಯಾರ ಓವನ್ ತೆರೆದರೂ ಹೀಗೆಯೇ ಏನಾದರೊಂದು ಸಂಸಾರ ಹೊರಗೆ ಬರುತ್ತದೆ.

ಆ ಓವನ್ನಿನ ವಿಷಯದಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನು ನನ್ನ ಸೊಸೆಯ ಹೆಗಲಿಗೆ ಹಾಕಿ ಹಲವು ವರ್ಷ ನಗುತ್ತಾ ಕಳೆದೆ. ಈಗ ಅದನ್ನು ಬರೆಯಲು ಕೂತಿರುವುದು ತಪ್ಪು ಒಪ್ಪಿಕೊಳ್ಳುವುದಕ್ಕಷ್ಟೇ ಅಲ್ಲ, ಅವಳ ಉಪಕಾರವನ್ನು ನೆನೆಯುವುದಕ್ಕೂ.

ನಾನು ಓದಿದ್ದು ಮೆಟ್ರಿಕ್‌ವರೆಗೆ. ಧಾರವಾಡದ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು ಬರ್ಮಿಂಗ್‌ಹ್ಯಾಮಿನಲ್ಲಿ ಸಂಬಂಧಿಕರ ಕಿರಾಣಿ ಅಂಗಡಿ ಸೇರಿದೆ, ಆಮೇಲೆ ನನ್ನದೇ ಅಂಗಡಿ ಮಾಡಿದೆ. ಇಲ್ಲಿ ನನಗೆ ಸಿಕ್ಕ ಕನ್ನಡದ ಗೆಳೆಯರು ಬಹುಪಾಲು ಡಾಕ್ಟರುಗಳು. ಅವರು ಆಸ್ಪತ್ರೆಯ ಡ್ಯೂಟಿ ಪಟ್ಟಿ, ಮಕ್ಕಳ ಮೆಡಿಕಲ್ ಸೀಟು ಅಂತ ಮಾತಾಡುವಾಗ ನನಗೆ ಹೇಳಲು ಏನೂ ಇರುತ್ತಿರಲಿಲ್ಲ. ಆದರೆ ನಗಿಸಲು ಬರುತ್ತಿತ್ತು. ನಾನು ಬಾಯಿ ತೆರೆದರೆ ಡಾಕ್ಟರುಗಳು ತಟ್ಟೆ ಕೆಳಗಿಟ್ಟು ನಗುತ್ತಿದ್ದರು. ಆ ನಗೆಯೇ ಅವರ ನಡುವೆ ನನ್ನ ಕುರ್ಚಿ ಎಂದುಕೊಂಡಿದ್ದೆ.

ಮಗ ಇಲ್ಲೇ ಹುಟ್ಟಿ ಬೆಳೆದು ಡಾಕ್ಟರಾದವನು. ಅವನು ಮದುವೆಯಾದ ಹುಡುಗಿ ಅಮೆರಿಕದಲ್ಲಿ ಬೆಳೆದವಳು, ತಂದೆತಾಯಿ ಮೂಲತಃ ಮೈಸೂರಿನವರು. ಮದುವೆಯಾಗಿ ಬಂದ ಮೊದಲ ನವೆಂಬರಿನಲ್ಲಿ ಅವಳು ನನ್ನ ಹೆಂಡತಿಯ ಹತ್ತಿರ ಬಂದು ಕೇಳಿದಳು: "ಅತ್ತೆ, ಥ್ಯಾಂಕ್ಸ್‌ಗಿವಿಂಗ್‌ಗೆ ನಾನೊಂದು ದಿನ ಅಡುಗೆ ಮಾಡ್ಲಾ? ನಮ್ಮನೇಲಿ ಪ್ರತಿ ವರ್ಷ ಮಾಡ್ತೀವಿ."

ನನ್ನ ಹೆಂಡತಿ ಸಂತೋಷದಿಂದಲೇ ಒಪ್ಪಿದಳು. ಅಮೆರಿಕದಲ್ಲಿ ಅದು ಎಲ್ಲರೂ ಸೇರಿ ಉಂಡು ಕೃತಜ್ಞತೆ ಹೇಳುವ ಗುರುವಾರದ ಹಬ್ಬ. ಇಲ್ಲಿ ಗುರುವಾರ ರಜೆ ಯಾರು ಕೊಡುತ್ತಾರೆ? ಶನಿವಾರಕ್ಕೆ ಇಟ್ಟುಕೊಂಡೆವು. ನಮ್ಮ ಗೆಳೆಯರಲ್ಲಿ ಹಿರಿಯರಾದ ಮೈಸೂರಿನ ಡಾಕ್ಟರು, ಅವರ ಹೆಂಡತಿ, ಇನ್ನೂ ಎರಡು ಮೂರು ಸಂಸಾರ ಬಂದವು. ಮಗ ಡ್ಯೂಟಿಯ ಮೇಲೆ ಆಸ್ಪತ್ರೆಯಲ್ಲಿದ್ದ. ಹೆಂಡತಿ ಮಹಡಿಯ ಮೇಲೆ ಸೀರೆ ಬದಲಿಸುತ್ತಿದ್ದಳು. ನಾನು ಮುಂದಿನ ಕೋಣೆಯಲ್ಲಿ ಕೂತು ಆ ಹಬ್ಬವನ್ನೇ ಹಿಡಿದು ಜೋಕು ಹೊಡೆಯುತ್ತಿದ್ದೆ.

"ಅಲ್ರೀ ಡಾಕ್ಟ್ರ, ನಮ್ಮ ಕಾರ್ಯಕ್ರಮದಾಗ ವಂದನಾರ್ಪಣೆ ಶುರು ಆತು ಅಂದ್ರ ಮಂದಿ ಚಪ್ಪಲಿ ಹುಡುಕ್ತಾರ. ಅಮೆರಿಕದವ್ರು ಅದಕ್ಕ ರಜಾ ಕೊಟ್ಟು, ಊಟಾ ಹಾಕಿ, ಕುಂಡ್ರಿಸಿ ಕೇಳಸ್ತಾರ!"

ಡಾಕ್ಟರು ತೊಡೆ ತಟ್ಟಿಕೊಂಡು ನಕ್ಕರು. "ಮೈಕ್ ಸೆಟ್‌ನೋರಿಗೂ ಥ್ಯಾಂಕ್ಸ್ ಹೇಳ್ತಾರೇನ್ರೀ?"

ಅಷ್ಟರಲ್ಲಿ ಸೊಸೆ ಬಾಗಿಲಲ್ಲಿ ಬಂದು ನಿಂತಳು. ಎರಡೂ ಕೈಯಲ್ಲಿ ಒಂದು ಅಗಲವಾದ ಗಾಜಿನ ಪಾತ್ರೆ. "ಮಾವ, ಓವನ್ ಖಾಲಿ ಇದೆಯಾ? ಪ್ರೀಹೀಟ್ ಮಾಡ್ಲಾ?"

ಓವನ್ನಿನೊಳಗೆ ಏನಿದೆ ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಅಂದು ಬೆಳಿಗ್ಗೆಯೇ ಆ ಡಬ್ಬಿಯಿಂದ ರೊಟ್ಟಿ ತೆಗೆದು ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದಿದ್ದೆ. ಆದರೆ ಮುಂದಿನ ಮಾತು ನಾಲಿಗೆಯ ತುದಿಯಲ್ಲಿತ್ತು, ಡಾಕ್ಟರು ಕಾಯುತ್ತಿದ್ದರು. ಅವಳ ಪ್ರಶ್ನೆಯನ್ನು ಅರ್ಧ ಕೇಳಿ ಕೈ ಬೀಸಿದೆ.

"ಖಾಲಿ ಐತಿ, ಹಚ್ಚವಾ."

ಕೇಳಿದವಳಿಗೆ ಮನೆಯ ಹಿರಿಯನೇ ಖಾಲಿ ಎಂದ ಮೇಲೆ ಅವಳು ಬಾಗಿ ನೋಡಬೇಕಾದರೂ ಏಕೆ? ಓವನ್ ಮೊದಲೇ ಕಾದಿರಲಿ ಎಂದು ಗುಂಡಿ ತಿರುಗಿಸಿ ಬೇರೆ ಕೆಲಸಕ್ಕೆ ಹೋದಳು. ನಗುತ್ತಿದ್ದವರಲ್ಲಿ ಯಾರೂ ನಮ್ಮಿಬ್ಬರ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ಹೊಗೆ ಬಂತು. ಅಲಾರಂ ಕಿರುಚಿತು. ಡಾಕ್ಟರು ಕುರ್ಚಿ ಹತ್ತಿ ಪೇಪರಿನಿಂದ ಗಾಳಿ ಹಾಕಿದರು. ನನ್ನ ಹೆಂಡತಿ ಓಡಿಬಂದು ಓವನ್ ತೆರೆದಾಗ ಡಬ್ಬಿ ಕರಗಿ ಜಾಲರಿಯಿಂದ ಜೋತಾಡುತ್ತಿತ್ತು. ರೊಟ್ಟಿಗಳನ್ನು ಸುತ್ತಿಟ್ಟಿದ್ದ ಬಟ್ಟೆ ಕರಕಲಾಗಿತ್ತು. ರೊಟ್ಟಿ ಹೋದರೆ ಹೋಗಲಿ, ಮತ್ತೆ ಬಡಿಯಬಹುದು. ಆ ಬಟ್ಟೆ ಅವಳ ತಾಯಿಯ ಇಳಕಲ್ ಸೀರೆಯ ಅರ್ಧ ಭಾಗ. ತಾಯಿ ತೀರಿಕೊಂಡ ಮೇಲೆ ಅವಳು ಆ ಸೀರೆಯೊಂದನ್ನೇ ಕೇಳಿ ತಂದಿದ್ದಳು. ಅರ್ಧ ಟ್ರಂಕಿನಲ್ಲಿ, ಅರ್ಧ ರೊಟ್ಟಿಗೆ.

"ಒಳಗ ಒಮ್ಮೆ ನೋಡಬೇಕಿಲ್ಲೇನವಾ?" ಅಂದಳು. ಅಷ್ಟೇ.

ಸೊಸೆ ನನ್ನ ಕಡೆ ನೋಡಿದಳು. ನಾನು ಕಿಟಕಿ ತೆರೆಯುವ ನೆಪದಲ್ಲಿ ತಿರುಗಿಕೊಂಡೆ. ಬೆನ್ನ ಹಿಂದೆ ಅವಳ ದನಿ ಕೇಳಿತು: "ಸಾರಿ ಅತ್ತೆ. ನೋಡ್ಲಿಲ್ಲ."

ಅಂದು ರಾತ್ರಿಯೇ ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಇದಕ್ಕಿಂತ ಕೆಟ್ಟದ್ದನ್ನು ಮುಂದಿನ ವಾರ ಮಾಡಿದೆ. ಟಿವಿಡೇಲ್ ಊರಿನ ದೇವಸ್ಥಾನಕ್ಕೆ ಹೋದಾಗ ಊಟದ ಹಾಲಿನಲ್ಲಿ ಯಾರೋ ಕೇಳಿದರು, "ಹೊಸ ಸೊಸೆ ಹೇಗಿದಾಳೆ?" ನನ್ನ ಬಾಯಿಂದ ಬಂತು: "ಬಾಳ ಶಾಣ್ಯಾಳ ರೀ. ನಾವು ಬೇಯಿಸಿದ ರೊಟ್ಟಿ ತಿಂತೀವಿ, ಆಕಿ ಬೇಯಿಸಿದ ರೊಟ್ಟೀನ ಡಬ್ಬೀ ಸಮೇತ ಮತ್ತೊಮ್ಮೆ ಬೇಯಿಸ್ತಾಳ!" ಮೇಜೇ ನಕ್ಕಿತು. ಅಲ್ಲಿಂದ ಅದು ನನ್ನ ಕಥೆಯಾಯಿತು. ಪ್ರತಿ ಸಲ ಹೇಳುವಾಗಲೂ ಹೊಗೆ ಸ್ವಲ್ಪ ದಟ್ಟವಾಯಿತು, ಡಾಕ್ಟರು ಹತ್ತಿದ ಕುರ್ಚಿ ಸ್ವಲ್ಪ ಅಲುಗಾಡಿತು. ಫೋನಿನಲ್ಲಿ ನಮ್ಮ ಬೀಗರಿಗೂ ಹೇಳಿದೆ. ಸೊಸೆ ಎದುರಿಗಿದ್ದರೆ ಅವಳೂ ನಗುತ್ತಿದ್ದಳು.

ಮನೆಯಲ್ಲಿ ಮಾತ್ರ ನಗು ಇರಲಿಲ್ಲ. ನನ್ನ ಹೆಂಡತಿ ಜಗಳ ಮಾಡುವವಳಲ್ಲ. ಆದರೆ ಸೊಸೆ ಅಡುಗೆಮನೆಗೆ ಬಂದರೆ, "ಇರಲಿ ಬಿಡವಾ, ನಾ ಮಾಡ್ಕೋತೀನಿ. ನೀ ಹೊರಗ ಕುಂಡ್ರು" ಅನ್ನುತ್ತಿದ್ದಳು. ಮಾತು ಮೆತ್ತಗೆ, ಆದರೆ ಬಾಗಿಲು ಮುಚ್ಚಿದ ಹಾಗೆ. ರೊಟ್ಟಿ ಬಡಿಯುವುದನ್ನು ಕಲಿಸಿ ಎಂದು ಸೊಸೆ ಎರಡು ಮೂರು ಸಲ ಕೇಳಿ ಆಮೇಲೆ ಕೇಳುವುದನ್ನು ಬಿಟ್ಟಳು. ಮಗ ಸೊಸೆ ಎರಡು ಬೀದಿ ಆಚೆ ಮನೆ ಮಾಡಿಕೊಂಡ ಮೇಲೆ ಆ ಅಮೆರಿಕದ ಹಬ್ಬವೂ ಅಲ್ಲಿಗೆ ಹೋಯಿತು. ನಾವು ಅತಿಥಿಗಳಂತೆ ಹೋಗಿ ಉಂಡು ಬರುತ್ತಿದ್ದೆವು. ನನ್ನ ಹೆಂಡತಿ ಅವಳ ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ.

ನನಗೆ ಕಣ್ಣಿನ ತೊಂದರೆ ಶುರುವಾದದ್ದು ಈ ನಡುವೆ. ಕಣ್ಣಿಗೇ ಇಂಜೆಕ್ಷನ್ ಕೊಡುತ್ತಾರೆ, ಕೊಟ್ಟ ದಿನ ಎಲ್ಲವೂ ಮಂಜು. ಮಗನಿಗೆ ಬಿಡುವಿಲ್ಲ. ಕರೆದುಕೊಂಡು ಹೋಗಿ ಬರುತ್ತಿದ್ದವಳು ಸೊಸೆ. ತನ್ನ ಕೆಲಸವನ್ನು ಬೆಳಗಿನ ಜಾವಕ್ಕೆ ತಳ್ಳಿ, ಪಾರ್ಕಿಂಗ್ ಹುಡುಕಿ, ನನ್ನ ಹೆಸರು ಕೂಗುವವರೆಗೆ ಪಕ್ಕದಲ್ಲಿ ಕೂತು ಕಾಯುತ್ತಿದ್ದಳು. ಹೊರಗೆ ಬಂದಾಗ ನನ್ನ ತೋಳು ಹಿಡಿದು, "ಮಾವ, ಮೆಟ್ಲು. ಇನ್ನೊಂದು. ಆಯ್ತು" ಅನ್ನುತ್ತಿದ್ದಳು. ಕಾರಿನಲ್ಲಿ ಕಿತ್ತಳೆ ಸುಲಿದು ಒಂದೊಂದೇ ತೊಳೆ ಕೈಗೆ ಕೊಡುತ್ತಿದ್ದಳು. ನಾವಿಬ್ಬರೇ ಇರುತ್ತಿದ್ದ ಆ ಕಾರಿನಲ್ಲಿ ಅವಳು ಒಮ್ಮೆಯಾದರೂ ಓವನ್ನಿನ ಮಾತು ಎತ್ತಬಹುದಿತ್ತು. ಎತ್ತಲಿಲ್ಲ. ಅವಳು ಮರೆತಿದ್ದಾಳೆ ಎಂದು ನಾನು ನನಗೇ ಹೇಳಿಕೊಂಡೆ.

ಹೋದ ನವೆಂಬರಿನಲ್ಲಿ ಎಂದಿನಂತೆ ಶನಿವಾರ ಅವಳ ಮನೆಯಲ್ಲಿ ಸೇರಿದೆವು. ಮಗನಿಗೆ ಅಂದೂ ಡ್ಯೂಟಿ. ಡಾಕ್ಟರ ದಂಪತಿಗಳು ಇದ್ದರು. ಅಮೆರಿಕದವರು ಈ ಹಬ್ಬಕ್ಕೆ ಬೇಯಿಸುವ ಟರ್ಕಿ ಕೋಳಿ ನಮ್ಮಲ್ಲಿಲ್ಲ. ಸೊಸೆ ಸಿಹಿಗುಂಬಳದೊಳಗೆ ಅನ್ನ, ಗೋಡಂಬಿ ತುಂಬಿ ಇಡಿಯಾಗಿ ಬೇಯಿಸಿದ್ದಳು. ಕ್ರ್ಯಾನ್‌ಬೆರಿ ಎಂಬ ಹುಳಿ ಹಣ್ಣಿಗೆ ಬೆಲ್ಲ ಮೆಣಸಿನಕಾಯಿ ಹಾಕಿ ಗೊಜ್ಜು ಮಾಡಿದ್ದಳು. ಊಟಕ್ಕೆ ಮೊದಲು ಒಬ್ಬೊಬ್ಬರೂ ಯಾವುದಕ್ಕೆ ಕೃತಜ್ಞರು ಎಂದು ಹೇಳಬೇಕು, ಅದು ಆ ಮನೆಯ ಪದ್ಧತಿ. ಪ್ರತಿ ವರ್ಷ ನಾನು ವಂದನಾರ್ಪಣೆಯ ಧಾಟಿಯಲ್ಲಿ ಕುಂಬಳಕಾಯಿಗೂ ಬಾಣಲೆಗೂ ಧನ್ಯವಾದ ಹೇಳಿ ಪಾರಾಗುತ್ತಿದ್ದೆ.

ಇನ್ನೇನು ಶುರು ಮಾಡಬೇಕು, ಅವಳ ತಂದೆಯ ವಿಡಿಯೋ ಕರೆ ಬಂತು. ಬೀಗರು ನಿವೃತ್ತರಾದ ಮೇಲೆ ಮೆಕ್ಸಿಕೋದ ಒಂದು ಸಮುದ್ರ ತೀರದ ಊರಿನಲ್ಲಿ ಮನೆ ಮಾಡಿಕೊಂಡಿದ್ದಾರೆ. ಸೊಸೆ ಫೋನನ್ನು ನೀರಿನ ಜಗ್ಗಿಗೆ ಒರಗಿಸಿಟ್ಟಳು. ನಮ್ಮ ಕಿಟಕಿಯಲ್ಲಿ ಆಗಲೇ ಕತ್ತಲು, ಫೋನಿನಲ್ಲಿ ಬೆಳಗಿನ ಬಿಸಿಲು, ನೀಲಿ ಸಮುದ್ರ. ಅಲ್ಲೇ ನೆಲೆಸಿರುವ ನಾಲ್ಕಾರು ಅಮೆರಿಕನ್ ಗೆಳೆಯರೊಡನೆ ಬೀಗರು ತಿಂಡಿಗೆ ಕೂತಿದ್ದರು.

"ಬೀಗ್ರೆ, ಗುರುವಾರ ಇಲ್ಲೂ ಹಬ್ಬ ಆಯ್ತು. ಚಡ್ಡಿ ಹಾಕ್ಕೊಂಡು, ಮರಳಲ್ಲಿ ಕೂತ್ಕೊಂಡು ಥ್ಯಾಂಕ್ಸ್‌ಗಿವಿಂಗ್! ಊರಲ್ಲಿ ಚಳಿ ಅಂತ ಬೈತಿದ್ದೋರೆಲ್ಲ ಇಲ್ಲಿ ಚಳಿ ಇಲ್ವಲ್ಲ, ಹಬ್ಬ ಅನ್ಸಲ್ಲ ಅಂತ ಅಳ್ತಾರೆ."

ಅವರ ಪಕ್ಕ ದೊಡ್ಡ ಹ್ಯಾಟು ಹಾಕಿದ್ದ ಮುದುಕಿಯೊಬ್ಬಳು ಫೋನಿನತ್ತ ಬಗ್ಗಿದಳು. ಅತ್ತೆಯ ರೊಟ್ಟಿಯನ್ನು ಡಬ್ಬಿಯೊಂದಿಗೆ ಸುಟ್ಟ ಮಗಳು ಇವಳೇನಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಲ್ಲಿಯ ಮೇಜಿನ ಸುತ್ತ ಎಲ್ಲರೂ ನಕ್ಕರು. ಬೀಗರೂ ನಕ್ಕು, "ಈ ಸಲ ಒಳಗೆ ನೋಡಿದ್ಯೇನಮ್ಮ?" ಅಂದರು.

ಸೊಸೆ ನಕ್ಕಳು. ನಗುತ್ತಲೇ ಗೊಜ್ಜಿನ ಬಟ್ಟಲನ್ನು ಸುಮ್ಮನೆ ಆಚೆ ಸರಿಸಿ, ಮತ್ತೆ ಈಚೆ ಸರಿಸಿದಳು. ನನ್ನ ಮಾತು ಅಷ್ಟು ದೂರ, ಎಂದೂ ನೋಡದ ಸಮುದ್ರದ ದಂಡೆಯವರೆಗೆ ಹೋಗಿತ್ತು. ಹೆತ್ತ ತಂದೆಯ ಬಾಯಲ್ಲಿ ಕೂತಿತ್ತು.

"ಮಾವ, ನಿಮ್ಮಿಂದ ಶುರು ಮಾಡೋಣ" ಅಂದಳು.

ನಾನು ಎದ್ದು ನಿಂತೆ. ಡಾಕ್ಟರು ಆಗಲೇ ನಗಲು ಸಿದ್ಧರಾಗಿದ್ದರು. ನಾನು ಹೇಳಿದೆ: "ಅವತ್ತು ಓವನ್ ಖಾಲಿ ಐತೇನು ಅಂತ ಈಕಿ ನನ್ನ ಕೇಳಿದ್ಲು. ನಾನಽ ಖಾಲಿ ಐತಿ ಅಂದೆ. ಒಳಗ ರೊಟ್ಟಿ ಇದ್ದದ್ದು ನನಗ ಗೊತ್ತಿತ್ತು. ನಗಸೂ ಗದ್ದಲದಾಗ ಹಂಗಂದೆ, ಆಮ್ಯಾಲ ಹೆದರಿ ಸುಮ್ಮನಾದೆ. ತಪ್ಪು ಈಕಿದಲ್ಲ. ಇಷ್ಟು ವರ್ಷ ಯಾರಿಗೂ ಹೇಳದಾಂಗ ನನ್ನ ಮರ್ಯಾದಿ ಉಳಿಸ್ಯಾಳ. ಅದಕ್ಕ ನಾ ಈಕಿಗೆ ಕೈ ಮುಗೀತೀನಿ."

ಯಾರೂ ನಗಲಿಲ್ಲ. ನನ್ನ ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಫೋನಿನಲ್ಲಿ ಬೀಗರ ನಗು ನಿಂತಿತ್ತು. ಕನ್ನಡ ಬಾರದ ಹ್ಯಾಟಿನ ಮುದುಕಿ, ಅವರು ಏನಂದರು ಎಂದು ಕೇಳಿದಳು.

ಸೊಸೆ ತಟ್ಟನೆ ಇಂಗ್ಲಿಷಿನಲ್ಲಿ, ಮಾವನವರು ಊಟಕ್ಕೆ ಕೃತಜ್ಞತೆ ಹೇಳುತ್ತಿದ್ದಾರೆ ಅಂದುಬಿಟ್ಟಳು.

ಆಗಲೂ ಅವಳು ನನ್ನ ಮರ್ಯಾದೆ ಕಾಯುತ್ತಿದ್ದಳು! ಬರ್ಮಿಂಗ್‌ಹ್ಯಾಮಿನ ಗಿರಾಕಿಗಳಿಂದ ಕಲಿತ ನನ್ನ ಅಂಗಡಿಯ ಇಂಗ್ಲಿಷಿನಲ್ಲಿ ಮತ್ತೆ ಮೊದಲಿನಿಂದ ಹೇಳಿದೆ. ರೊಟ್ಟಿ ಸುಟ್ಟದ್ದು ಅವಳಿಂದಲ್ಲ, ನನ್ನಿಂದ. ನೀವು ಆ ಕಥೆ ಹೇಳುವುದಾದರೆ ಇನ್ನು ಮುಂದೆ ಹೀಗೆ ಹೇಳಿ ಎಂದು ಕೇಳಿಕೊಂಡೆ. ಹ್ಯಾಟಿನ ಮುದುಕಿ ಕೈಯನ್ನು ಎದೆಯ ಮೇಲಿಟ್ಟುಕೊಂಡಳು. ಬೀಗರು ಮಗಳ ಹೆಸರು ಹಿಡಿದು ಕರೆದು, "ನಂಗಾದ್ರೂ ಹೇಳ್ಬಾರ್ದಿತ್ತೇನಮ್ಮ?" ಅಂದರು.

"ಹೇಳ್ಬೇಕು ಅಂತ್ಲೇ ಇದ್ದೆ ಅಪ್ಪ" ಅಂದಳು ಅವಳು. ಆಮೇಲೆ ನನ್ನ ಕಡೆ ತಿರುಗಿ, "ಮಾರನೇ ದಿನ ನೀವೇ ಹೇಳ್ತೀರ ಅಂದ್ಕೊಂಡೆ ಮಾವ. ಅದರ ಮಾರನೇ ದಿನಾನೂ ಅಂದ್ಕೊಂಡೆ. ಆಮೇಲೆ ಅದು ನಿಮ್ಮ ಜೋಕ್ ಆಗೋಯ್ತು. ಅದನ್ನ ಹೇಳುವಾಗ ನೀವು ಎಷ್ಟು ಖುಷಿಯಾಗಿರ್ತಿದ್ರಿ ಅಂದ್ರೆ, ಕಿತ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ. ಆದ್ರೆ ಬೇಜಾರಾಗ್ತಿತ್ತು. ತುಂಬಾನೇ."

ನನ್ನ ಹೆಂಡತಿ ಆಗ ಬಾಯಿ ತೆರೆದಳು. "ಹಂಗಾರ ಇಷ್ಟು ವರ್ಷ ನಾ ಯಾರ ಮ್ಯಾಲ ಮುನಿಸ್ಕೊಂಡು ಕುಂತಿದ್ದೆ ರೀ?"

ಅವಳು ಎದ್ದಳು. ಮನೆಗೆ ಹೊರಟಳೇನೋ ಎಂದು ನನಗೆ ಭಯವಾಯಿತು. ಅವಳು ಹೋದದ್ದು ಸೊಸೆಯ ಅಡುಗೆಮನೆಗೆ. ಹೊಸ್ತಿಲ ಒಳಗೆ ನಿಂತು ಕರೆದಳು: "ಬಾರವಾ ಇಲ್ಲೆ. ಬಡಸೂ ಸೌಟು ಎಲ್ಲಿ ಇಟ್ಟೀಯೋ ನನಗೇನ್ ಗೊತ್ತು?"

ಅಂದು ಒಳಗೆ ಅವರಿಬ್ಬರೂ ಏನು ಮಾತಾಡಿದರೋ ತಿಳಿಯದು. ಬಹಳ ಹೊತ್ತು ಸೌಟು ಸಿಗಲಿಲ್ಲ. ಡಾಕ್ಟರು ನನ್ನ ತಟ್ಟೆಗೆ ತಾವೇ ಕುಂಬಳಕಾಯಿ ಬಡಿಸಿ, "ಕೂತ್ಕೊಳ್ರೀ, ಆರೋಗತ್ತೆ" ಅಂದರು. ನಾನು ನಗಿಸದೆಯೂ ಅವರು ನನ್ನ ಪಕ್ಕದಲ್ಲೇ ಕೂತಿದ್ದರು. ಅದನ್ನೂ ನಾನು ಉಪಕಾರವೆಂದೇ ನೆನೆಯುತ್ತೇನೆ.

ಹೆಂಡತಿ ನನ್ನೊಡನೆ ಕೆಲವು ದಿನ ಬೇಕಾದಷ್ಟೇ ಮಾತಾಡಿದಳು. ಅದು ನ್ಯಾಯವೇ. ಈಗ ಭಾನುವಾರ ಸೊಸೆ ನಮ್ಮ ಮನೆಗೆ ರೊಟ್ಟಿ ಬಡಿಯಲು ಬರುತ್ತಾಳೆ. ಮೊದಲಿನವು ನಕಾಶೆಯ ಹಾಗೆ ಬಂದವು, ನಾನು ಸುಮ್ಮನೆ ತಿಂದೆ. ಟ್ರಂಕಿನಲ್ಲಿದ್ದ ಇನ್ನರ್ಧ ಸೀರೆಯನ್ನು ಹೆಂಡತಿ ಎರಡು ತುಂಡು ಮಾಡಿದ್ದಾಳೆ. ಒಂದರಲ್ಲಿ ನಮ್ಮ ಮನೆಯ ರೊಟ್ಟಿ, ಇನ್ನೊಂದರಲ್ಲಿ ಸೊಸೆ ತನ್ನ ಮನೆಗೆ ಒಯ್ಯುವ ರೊಟ್ಟಿ.

ಅವರು ಕೆಲವೊಮ್ಮೆ ಕುಂಬಳಕಾಯಿ ಬೇಯಿಸಲೆಂದು ನಮ್ಮ ಓವನ್ನನ್ನೂ ಹಚ್ಚುತ್ತಾರೆ. ಆಗೆಲ್ಲ ಹೆಂಡತಿ ಅಡುಗೆಮನೆಯಿಂದ, ಬೇಕೆಂತಲೇ ಮನೆಗೆಲ್ಲ ಕೇಳುವ ಹಾಗೆ ಕೂಗುತ್ತಾಳೆ: "ಏನ್ರೀ, ಓವನ್ ಖಾಲಿ ಐತೇನು?"

ಸೊಸೆ ಒಳಗೆ ಕಿಸಕ್ಕೆನ್ನುತ್ತಾಳೆ. ನಾನು ಕೂತಲ್ಲಿಂದ ಉತ್ತರ ಕೊಡುವುದಿಲ್ಲ. ಎದ್ದು ಹೋಗಿ, ಮೊಣಕಾಲು ಹಿಡಿದುಕೊಂಡು ಬಾಗಿ, ಬಾಗಿಲು ತೆರೆದು, ಸರಿಯಾಗಿ ಕಾಣದ ಕಣ್ಣು ಸಾಲದೆಂದು ಕೈಯನ್ನೂ ಒಳಗೆ ಆಡಿಸಿ ನೋಡಿ, ಆಮೇಲೆ ಹೇಳುತ್ತೇನೆ.