ಗಾಳಿ ಯಂತ್ರಕ್ಕೆ ಹಾಕಿದ ಬೆಸುಗೆ

ಕೊಟ್ಟೂರಿನ ಗುಲಾಮಹುಸೇನನ ತಗಡಿನ ಕೆಲಸದಲ್ಲಿ ಸಂದು ಇದೆ ಎಂದು ಅವನ ಮುಂದೆಯೇ ಹೇಳುವ ಗಂಡಸು ಊರಲ್ಲಿ ಇರಲಿಲ್ಲ. ಹಿಂದೊಮ್ಮೆ ಒಬ್ಬ ದಲಾಲಿ ಬಾಯಿ ಜಾರಿ ಹಾಗೆಂದಾಗ, ಇವನು ಮಾರಿದ ಟ್ರಂಕನ್ನೇ ವಾಪಸ್ ಕಿತ್ತುಕೊಂಡು, “ನಿನ್ನ ಬಟ್ಟಿ ಗೋಣಿಚೀಲದಾಗ ಇಟ್ಕೊ ಹೋಗು” ಎಂದು ಕಳಿಸಿದ್ದ. ಅಜ್ಜನ ಕಾಲದಿಂದ ಬಂದ ಕಸುಬು. ಮದುಮಗಳ ಟ್ರಂಕು, ಕಾಳಿನ ಡಬ್ಬಿ ಏನೇ ಇರಲಿ, ಇರುವೆಯೂ ಒಳಗೆ ಸುಳಿಯದ ಹಾಗೆ ಬೆಸುಗೆ ಹಾಕುವುದರಲ್ಲೇ ಆ ಮನೆತನದ ಹೆಸರಿತ್ತು. ಆದರೆ ಈಗ ಟ್ರಂಕು ಕೇಳುವವರು ಯಾರು? ಗುಲಾಮಹುಸೇನ ಕೆಲವು ದಿನ ಮುಖ ಊದಿಸಿಕೊಂಡು ಕೂತ, ಆಮೇಲೆ ಹೊಟ್ಟೆ ಕೇಳಬೇಕಲ್ಲ, ತಣ್ಣನೆ ಗಾಳಿ ಒಯ್ಯುವ ತಗಡಿನ ಡಕ್ಟ್ ಮಾಡುವುದನ್ನು ಕಲಿತ. ಹಡಗಲಿಯಿಂದ ಹರಪನಹಳ್ಳಿಯವರೆಗೆ ಕಲ್ಯಾಣ ಮಂಟಪ, ಬಟ್ಟೆ ಅಂಗಡಿ ಎಂದು ಅವನಿಗೆ ಕೈತುಂಬ ಕೆಲಸ ಸಿಕ್ಕಿತು.

ಹಗರಿಬೊಮ್ಮನಹಳ್ಳಿಯಲ್ಲಿ ಹೊಸ ಮನೆ ಕಟ್ಟಿಸಿದ ಬ್ಯಾಂಕಿನ ಭೀಮರಾಜ, ಎಲ್ಲ ಕೋಣೆಗೂ ಒಂದೇ ಎ.ಸಿ.ಯಿಂದ ಗಾಳಿ ಹೋಗುವ ಡಕ್ಟನ್ನು ಇವನ ಕೈಯಲ್ಲೇ ಮಾಡಿಸಿದ್ದ. ವರ್ಷ ಕಳೆದ ಮೇಲೆ ಮತ್ತೆ ಕರೆಸಿದ. ಈ ಸಲ ಬೇಕಾದದ್ದು ತಂಪಲ್ಲ, ಉಸಿರು. ಅವನ ತಾಯಿ ಮಾರೆಮ್ಮ ಶೇಂಗಾ ಮಿಲ್ಲಿನ ಧೂಳಿನಲ್ಲಿ ದುಡಿದು ಮಗನನ್ನು ಓದಿಸಿದವಳು. ಆ ಧೂಳು ಎದೆಯಲ್ಲಿ ಕೂತು ದಮ್ಮಾಗಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಅದಕ್ಕೆ ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತೇ ಕಳೆಯುತ್ತಿದ್ದಳು.

ಭೀಮರಾಜ ತರಿಸಿದ್ದು ಕರೆಂಟಿನಿಂದ ಗಾಳಿ ಹಸನು ಮಾಡುವ ಯಂತ್ರ. ಎಳೆಯಂಥ ತಂತಿಗಳು ಧೂಳಿನ ಕಣಕ್ಕೆ ಕರೆಂಟು ತಾಗಿಸುತ್ತವೆ, ಹಿಂದಿನ ತಟ್ಟೆಗಳು ಆ ಕಣವನ್ನು ಎಳೆದು ಹಿಡಿದುಕೊಳ್ಳುತ್ತವೆ. ಕೋಣೆಗಳ ಗಾಳಿ ಎ.ಸಿ.ಗೆ ವಾಪಸ್ ಬರುವ ದಾರಿಯಲ್ಲಿ, ಫ್ಯಾನಿಗಿಂತ ಮೊದಲು ಅದನ್ನು ಕೂಡಿಸಬೇಕು. ವೈರಿಂಗ್ ಕೆಲಸ ಎಲೆಕ್ಟ್ರಿಶಿಯನ್ ಜಂಬುನಾಥನದು. ಫ್ಯಾನು ತಿರುಗಿದಾಗ ಮಾತ್ರ ಯಂತ್ರ ನಡೆಯುವಂತೆ ತಂತಿ ಎಳೆದು, ಅವನು ಯಂತ್ರದ ಜೊತೆ ಬಂದ ಹಾಳೆ ಓದಿದ.

“ಅಣ್ಣಾ, ಇಲ್ಲೊಂದು ಬಾಗ್ಲ ಬಿಡಬೇಕಂತ. ಆಗಾಗ ತಟ್ಟಿ ತಗದು ತೊಳೀಬೇಕಂತ.”

“ಬಾಗ್ಲ ಅಂದ್ರ ಸಂದು, ಸಂದು ಅಂದ್ರ ಧೂಳು,” ಎಂದ ಗುಲಾಮಹುಸೇನ. “ಧೂಳು ಹಿಡಿಯಾಕ ಯಂತ್ರ ತಂದು ಧೂಳಿಗೇ ಬಾಗ್ಲ ಇಡ್ತಿ ಏನಲೇ?”

ಅವನ ಜೊತೆ ವಾದ ಮಾಡಿ ಗೆದ್ದವರಿಲ್ಲ. ಜಂಬುನಾಥ ನಕ್ಕು ಹಾಳೆ ಮಡಚಿಟ್ಟ. ಭೀಮರಾಜ ಬ್ಯಾಂಕಿನಲ್ಲಿದ್ದ. ಗುಲಾಮಹುಸೇನ ನಾಲ್ಕೂ ಬದಿ ತಗಡು ಮಡಚಿ, ತಟ್ಟಿ, ಮೇಲೆ ಬೆಸುಗೆ ಎಳೆದು, ಯಂತ್ರವನ್ನು ಡಕ್ಟಿನೊಳಗೆ ಭದ್ರವಾಗಿ ಮುಚ್ಚಿಬಿಟ್ಟ. ನೋಡಲು ಎಷ್ಟು ಚೆಂದ ಇತ್ತೆಂದರೆ ಇಳಿದ ಮೇಲೂ ಒಂದೆರಡು ಸಲ ತಲೆಯೆತ್ತಿ ನೋಡಿದ.

ಮರುದಿನವೇ ಮಾರೆಮ್ಮ ಮಗನ ಫೋನಿನಲ್ಲಿ ಗುಲಾಮಹುಸೇನನ ಜೊತೆ ಮಾತಾಡಿದಳು. “ತಮ್ಮಾ, ರಾತ್ರಿ ಅಡ್ಡಾದಾಕಿ ಬೆಳಗ್ಗೇ ಎದ್ದೀನಿ ನೋಡು.” ಆ ವಾರವೆಲ್ಲ ಗುಲಾಮಹುಸೇನ ಚಹಾದಂಗಡಿಯಲ್ಲಿ ಕಂಡಕಂಡವರಿಗೆ ಇದನ್ನೇ ಹೇಳಿದ. ಕೇಳಿದವರೂ ಪಾಪ, ಮತ್ತೆ ಮತ್ತೆ ಕೇಳಿದರು.

ಆಮೇಲೆ ಮೆಕ್ಕೆಜೋಳದ ಸುಗ್ಗಿ ಬಂತು. ರಸ್ತೆಯ ಮೇಲೆಲ್ಲ ರಾಶಿ, ಮನೆಯ ಪಕ್ಕದಲ್ಲೇ ಒಕ್ಕುವ ಮಶೀನು, ಗಾಳಿಯ ತುಂಬ ಹೊಟ್ಟು. ಡಕ್ಟಿನೊಳಗೆ ಚಟ್ ಚಟ್ ಎಂದು ಸದ್ದಾಗತೊಡಗಿತು. ಮಾರೆಮ್ಮನ ದಮ್ಮು ಮರಳಿತು. ಭೀಮರಾಜ ಫೋನ್ ಮಾಡಿದ.

“ನನ್ನ ಬೆಸುಗ್ಯಾಗ ಸಂದಿಲ್ರಿ,” ಎಂದ ಗುಲಾಮಹುಸೇನ, ಯಾರೂ ಸಂದಿನ ಮಾತೇ ಎತ್ತಿರಲಿಲ್ಲ. “ಯಂತ್ರಾನ ಸರಿ ಇಲ್ಲ. ಕಂಪನಿಯವರ್ನ ಕೇಳ್ರಿ.”

ಆದರೆ ಜಂಬುನಾಥ ಓದಿದ ಹಾಳೆ ಅವನಿಗೆ ಆಗಲೇ ನೆನಪಾಗಿತ್ತು. ಅದಕ್ಕೇ ಸಿಟ್ಟು ಹೆಚ್ಚಾಯಿತು. ಆಮೇಲೆ ಭೀಮರಾಜನ ಹೆಸರು ಕಂಡಾಗಲೆಲ್ಲ ಫೋನನ್ನು ಬೋರಲು ಹಾಕಿದ. ಹೆಂಡತಿ ಅಜೀಜಬಿ ನೋಡುವಷ್ಟು ದಿನ ನೋಡಿದಳು.

“ಆ ಮುದುಕಿ ಉಸಿರು ನಿಂತ ಮ್ಯಾಲ ನಿಮ್ಮ ಬೆಸುಗಿ ಯಾರು ನೋಡ್ತಾರ?” ಎಂದಳು.

ಗುಲಾಮಹುಸೇನ ಸಿಟ್ಟಿನಲ್ಲೇ ಬೈಕ್ ಹತ್ತಿದ. ದಾರಿಯುದ್ದಕ್ಕೂ ಭೀಮರಾಜನಿಗೆ ಏನೇನು ಅನ್ನಬೇಕೆಂದು ಜೋಡಿಸಿಕೊಂಡು ಬಂದ. ಒಳಗೆ ಮಾರೆಮ್ಮ ಗೋಡೆಗೆ ಒರಗಿ ಕೂತಿದ್ದಳು. ಒಂದೊಂದು ಉಸಿರಿಗೂ ಹೆಗಲು ಏಳುತ್ತಿತ್ತು. ಜೋಡಿಸಿಕೊಂಡು ಬಂದ ಮಾತು ಬಿಟ್ಟು ಅವನು ತಲೆಯೆತ್ತಿ ಡಕ್ಟಿನ ಕಡೆ ನೋಡಿದ.

“ಹೊಸಪೇಟಿಯಿಂದ ಒಬ್ರನ್ನ ಕರಸಿದ್ದೆ ಅಣ್ಣಾ,” ಎಂದ ಭೀಮರಾಜ. “ಡಕ್ಟ್ ಕೊಯ್ದು ತಟ್ಟಿ ತಗೀತೀನಿ ಅಂತ ಏಣಿ ಹತ್ತಿದ್ರು. ಅವ್ವನೇ ಅವ್ರನ್ನ ಬೈದು ಇಳಸಿದ್ಲು.”

ಮಾರೆಮ್ಮ ಉಸಿರು ಕೂಡಿಸಿಕೊಂಡು ಹೇಳಿದಳು. “ಮಾಡಿದಾವ ಇರೋಮುಂದ... ಅವನ ಕೆಲ್ಸ ಬ್ಯಾರೇದವ್ರು ಕೊಯ್ಯಬಾರದು. ನಾನೂ ದುಡದಾಕಿ ತಮ್ಮಾ. ನೀನ ಬರ್ತಿ ಅಂತ ಕುಂತೀನಿ.”

ಗುಲಾಮಹುಸೇನ ಸ್ವಿಚ್ ಆರಿಸಿ, ಏಣಿ ಹತ್ತಿ, ತನ್ನ ಬೆಸುಗೆಯ ಮೇಲೆ ತಾನೇ ಕತ್ತರಿ ಇಟ್ಟ. ತಗಡು ಸುಲಭಕ್ಕೆ ಬಿಡಲಿಲ್ಲ. ಅವನ ಕೆಲಸ ಅಷ್ಟು ಗಟ್ಟಿಯಾಗಿತ್ತು, ಅದಕ್ಕಾಗಿ ಅವತ್ತು ಅವನಿಗೆ ಅದರ ಮೇಲೇ ಕೋಪ ಬಂತು. ತಟ್ಟೆಗಳ ಮೇಲೆ ಕೆಂಧೂಳು ಕಂಬಳಿಯ ಹಾಗೆ ಕೂತಿತ್ತು. ಚಟ್ ಚಟ್ ಎನ್ನುತ್ತಿದ್ದದ್ದು ಆ ಧೂಳಿನಲ್ಲಿ ಹಾರುತ್ತಿದ್ದ ಕರೆಂಟಿನ ಕಿಡಿ. ಹಿತ್ತಲಲ್ಲಿ ಸೋಪಿನ ನೀರಿನಲ್ಲಿ ತಾನೇ ತೊಳೆದು, ಹನಿ ನೀರೂ ಉಳಿಯದಂತೆ ಬಿಸಿಲಿಗೆ ಒಣಗಿಸಿದ. ಒಣಗುವಷ್ಟರಲ್ಲಿ ಡಕ್ಟಿಗೆ ಬಾಗಿಲು ಕೂಡಿಸಿ, ಅಂಚಿಗೆ ರಬ್ಬರ್ ಪಟ್ಟಿ ಸುತ್ತಿ, ಚಿಲಕ ಹಾಕಿದ. ಹೇಗೆ ತೆಗೆಯಬೇಕೆಂದು ಭೀಮರಾಜನ ಕೈಯಿಂದಲೇ ಮಾಡಿಸಿ ನೋಡಿದ.

ಸಂಜೆಯ ಹೊತ್ತಿಗೆ ಯಂತ್ರ ಸದ್ದಿಲ್ಲದೆ ನಡೆಯತೊಡಗಿತು. ಮಾರೆಮ್ಮನ ಹೆಗಲು ಮೆಲ್ಲಗೆ ಇಳಿಯಿತು. ಗುಲಾಮಹುಸೇನ ಸಾಮಾನು ಚೀಲಕ್ಕೆ ಹಾಕುತ್ತ, ನಾಚಿಕೆ ತಡೆಯಲಾರದೆ, “ಇಷ್ಟು ದಿನ ಕುಂದ್ರೋ ಬದ್ಲಿ ನನಗೊಂದು ಫೋನ್ ಮಾಡಿಸಬೇಕಿತ್ತವ್ವಾ,” ಎಂದುಬಿಟ್ಟ.

“ದಿನಾ ಮಾಡಿಸಿದ್ನೆಪ್ಪಾ,” ಎಂದಳು ಮಾರೆಮ್ಮ, ದಿಂಬು ಸರಿಮಾಡಿಕೊಂಡು ಅಡ್ಡಾಗುತ್ತ. “ನೀನು ಎತ್ತಲಿಲ್ಲ. ಕೆಲ್ಸ ಬಾಳ ಇರಬೇಕು, ಪಾಪ, ಅಂತ ಸುಮ್ಮನಾದೆ.”

ಹೌದೆಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗುಲಾಮಹುಸೇನ ಚೀಲ ಕೆಳಗಿಟ್ಟು ಅವಳ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತ.

“ಕೆಲ್ಸ ಏನೂ ಇರಲಿಲ್ಲವ್ವಾ,” ಎಂದ.