ಮೂರನೆಯ ಚರಣ

ಇದು ಹೀಗೆಯೇ ನಡೆಯಿತು ಎಂದು ನಾನೀಗ ಖಡಾಖಂಡಿತವಾಗಿ ಹೇಳಲಾರೆ. ಇಷ್ಟು ವರ್ಷ ಹಾಗೇ ಹೇಳಿಕೊಂಡು ಬಂದಿದ್ದೆ. ಈಚೆಗೆ ರಕ್ತಪರೀಕ್ಷೆಗೆ ಹೋದಾಗ ನರ್ಸ್ ಹತ್ತಿಗೆ ಸ್ಪಿರಿಟ್ ಹಾಕಿ ನನ್ನ ತೋಳು ಒರೆಸಿದರು. ಆ ವಾಸನೆಗೆ ಶಿಕಾರಿಪುರದ ಒಂದು ಕ್ಯಾಸೆಟ್ ಅಂಗಡಿ ಕಣ್ಣ ಮುಂದೆ ಬಂತು. ಆ ಅಂಗಡಿಯವರ ಬಗ್ಗೆ ನಾನು ಹತ್ತಾರು ಕಡೆ ಹೇಳಿದ ಕಥೆಯೂ ಬಂತು. ಆ ಕಥೆ ನಿಜವೇ ಎಂದು ಮೊದಲ ಬಾರಿಗೆ ಅನುಮಾನ ಹುಟ್ಟಿದ್ದು ಅಲ್ಲೇ, ತೋಳು ಚಾಚಿಕೊಂಡು ಕೂತಿದ್ದಾಗ.

ಅಂಗಡಿಯವರು ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಟೇಪ್ ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್‌ನಿಂದ ಒರೆಸುತ್ತಿದ್ದರು. ಬಸ್ ಸ್ಟ್ಯಾಂಡಿನ ಹತ್ತಿರ, ಮೂರು ಜನ ನಿಂತರೆ ತುಂಬಿಹೋಗುವ ಅಂಗಡಿ. ಬೇಕಾದ ಹಾಡುಗಳ ಪಟ್ಟಿಯನ್ನೂ ಖಾಲಿ ಕ್ಯಾಸೆಟ್ಟನ್ನೂ ಕೊಟ್ಟು ಬಂದರೆ ಎರಡು ದಿನದಲ್ಲಿ ತುಂಬಿಸಿ ಇಡುತ್ತಿದ್ದರು. ತೊಗರ್ಸಿ, ಅಂಜನಾಪುರದ ಕಡೆಯವರೂ ಅಲ್ಲಿಗೇ ಬರಬೇಕು. ಆದರೆ ಅಂಗಡಿಯವರದೊಂದು ಪದ್ಧತಿಯಿತ್ತು: ಅವರು ಕೊಡುವ ಸುಳಿವು ಕೇಳಿ ನಾವು ಒಂದು ಹಳೆಯ ಹಾಡನ್ನು ಗುರುತಿಸುವ ತನಕ ಪಟ್ಟಿಯನ್ನು ಕೈಯಲ್ಲಿ ಮುಟ್ಟುತ್ತಿರಲಿಲ್ಲ.

"ಬರ್ರಿ ಎಂ.ಎ. ಸಾಹೇಬ್ರ," ಎನ್ನುತ್ತಿದ್ದರು, ನಾನು ರಜೆಗೆ ಊರಿಗೆ ಬಂದಾಗ. "ಹಾಡಾಕಿ ನಡುವೆ ಒಂದ್ಸಲ ನಗ್ತಾಳ. ಬರೆದವ್ರು ನಗು ಬರ್ದಿಲ್ಲ. ಯಾವ ಹಾಡು?"

"ಯಾಕೆ ನಕ್ಕಿರಬಹುದು ಅಣ್ಣಾರೆ?"

"ಯಾಕ್ ನಕ್ಕಳು ಅಂತ ಕೇಳಿಲ್ರಿ, ಹಾಡು ಯಾವ್ದು ಅಂದೆ. ಯೂನಿವರ್ಸಿಟ್ಯಾಗ ಇದನ್ನೇ ಕಲಿಸ್ತಾರೇನು, ಕೇಳಿದ್ದು ಬಿಟ್ಟು ಬ್ಯಾರೆ ಹೇಳೋದು?"

ಅಂಗಡಿಯಲ್ಲಿದ್ದವರೆಲ್ಲ ನಗುತ್ತಿದ್ದರು. ನನಗೆ ಹಳೆಯ ಹಾಡುಗಳ ಹುಚ್ಚು ಹತ್ತಿದ್ದು ಅವರಿಂದಲೇ.

ಆ ಹುಚ್ಚಿನಿಂದಲೇ ಒಂದು ಭಾನುವಾರ ಸೊರಬಕ್ಕೆ ಹೋದೆವು. ಅಲ್ಲಿಯ ಯುವಕ ಸಂಘದವರು ಶಾಲೆಯೊಂದರಲ್ಲಿ ಹಾಡು ಗುರುತಿಸುವ ಸ್ಪರ್ಧೆ ಇಟ್ಟಿದ್ದರು. ಶಿಕಾರಿಪುರದಿಂದ ನಾವು ಮೂವರು, ನಾನೇ ಮುಂದಾಳು. ಅಂಗಡಿಯವರೂ ಬಾಗಿಲು ಹಾಕಿಕೊಂಡು ನಮ್ಮ ಜೊತೆ ಬಸ್ಸಿನಲ್ಲಿ ಬಂದು ಜನರ ನಡುವೆ ಕೂತರು. ಅಂಕ ಬರೆಯುತ್ತಿದ್ದವನು ನನ್ನ ಸೊರಬದ ಗೆಳೆಯ.

ಹನ್ನೊಂದನೆಯ ಪ್ರಶ್ನೆ. ಮೊದಲ ಸುಳಿವು: ಹಾಡು ಸೈಕಲ್ ಗಂಟೆಯಿಂದ ಶುರುವಾಗುತ್ತದೆ. ನನಗೆ ತಕ್ಷಣ ಗೊತ್ತಾಯಿತು. ಕೈ ಎತ್ತುವಷ್ಟರಲ್ಲಿ ಎರಡನೆಯ ಸುಳಿವು ಬಂತು: ಮೂರನೆಯ ಚರಣದಲ್ಲಿ ವಾದ್ಯಗಳಿಲ್ಲ, ಬರೀ ಚಪ್ಪಾಳೆ. ನನ್ನ ಕೈ ಅಲ್ಲೇ ನಿಂತಿತು. ಆ ಹಾಡಿಗೆ ಮೂರನೆಯ ಚರಣವೇ ಇರಲಿಲ್ಲ. ನಮ್ಮೂರಿನ ಮನೆಮನೆಯಲ್ಲೂ ಇದ್ದ ಹಾಡು ಅದು. ಮದುವೆಮನೆಯಲ್ಲಿ ಹಾಡುವವರೂ ಎರಡು ಚರಣ ಹೇಳಿ ಮುಗಿಸುತ್ತಿದ್ದರು.

"ಪ್ರಶ್ನೆಯೇ ತಪ್ಪು," ಎಂದೆ. ಪ್ರಶ್ನೆ ಕೇಳುತ್ತಿದ್ದವರು ಒಪ್ಪಲಿಲ್ಲ. ನಾನು ಬಿಡಲಿಲ್ಲ. "ಬೇಕಾದ್ರೆ ನಮ್ಮ ಕ್ಯಾಸೆಟ್ ಅಂಗಡಿಯವರನ್ನ ಕೇಳಿ, ಅಲ್ಲೇ ಕೂತಿದಾರೆ," ಎಂದು ಕೈ ತೋರಿಸಿದೆ.

ಇಲ್ಲಿಯವರೆಗೆ ನನಗೆ ಸ್ಪಷ್ಟವಾಗಿದೆ. ಮುಂದಿನದು... ಅವರು ಎದ್ದು ನಿಂತು, "ಎರಡೇ ಅದಾವ್ರಿ," ಎಂದು ನೆಲ ನೋಡಿಕೊಂಡು ಕೂತರು. ನಾನು ಕಂಡದ್ದು ಇದು. ಅಥವಾ ಕಂಡೆ ಎಂದು ಹೇಳುತ್ತ ಬಂದದ್ದು.

ಮರುದಿನವೇ ನಾನು ಹಾಸ್ಟೆಲಿಗೆ ಮರಳಿದೆ. ಕೆಲವು ತಿಂಗಳ ಮೇಲೆ, ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ, ಅದೇ ಹಾಡು ರೇಡಿಯೋದಲ್ಲಿ ಬಂತು. ಎರಡು ಚರಣ ಮುಗಿಯಿತು. ವಾದ್ಯಗಳು ನಿಂತವು. ಬರೀ ಚಪ್ಪಾಳೆಯ ಮೇಲೆ ಮೂರನೆಯ ಚರಣ ಶುರುವಾಯಿತು. ಬ್ರಷ್ ಬಾಯಲ್ಲಿಟ್ಟುಕೊಂಡು ಹಾಗೇ ನಿಂತೆ.

ನಡೆದದ್ದನ್ನು ಊಹಿಸುವುದು ಕಷ್ಟವಿರಲಿಲ್ಲ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ನಾವು ಎಪ್ಪತ್ತು ನಿಮಿಷದ ಪಟ್ಟಿ ಕೊಡುತ್ತಿದ್ದೆವು. ಕೊನೆಯ ಹಾಡು ಅರ್ಧಕ್ಕೆ ನಿಂತರೆ ಜಗಳ. ಅದಕ್ಕೆ ಅವರು ಉದ್ದದ ಹಾಡುಗಳ ಕೊನೆಯ ಚರಣವನ್ನು ಮೆಲ್ಲಗೆ ದನಿ ತಗ್ಗಿಸಿ ಕೈಬಿಡುತ್ತಿದ್ದರು. ಊರಿಗೆ ಊರೇ ಆ ಹಾಡನ್ನು ಹಾಗೆಯೇ ಕಲಿತಿತ್ತು.

ಹಾಗಾದರೆ ಅವರಿಗೆ ಗೊತ್ತಿತ್ತು. ತುಂಬಿದ ಸಭೆಯಲ್ಲಿ ಮರ್ಯಾದೆ ಉಳಿಸಿಕೊಳ್ಳಲು ಸುಳ್ಳು ಹೇಳಿದರು. ಇದು ಆಗಿನ ನನ್ನ ತೀರ್ಮಾನ. ಈ ಕಥೆಯನ್ನು ಮೊದಲು ಹಾಸ್ಟೆಲಿನಲ್ಲಿ, ಆಮೇಲೆ ಕೆಲಸದ ಜಾಗಗಳಲ್ಲಿ, "ಎರಡೇ ಅದಾವ್ರಿ" ಎಂದು ಅವರ ದನಿಯನ್ನು ಅನುಕರಿಸಿ ಹೇಳುತ್ತಿದ್ದೆ. ಜನ ಪ್ರತಿಸಲ ನಗುತ್ತಿದ್ದರು. ಮುಂದಿನ ರಜೆಗೆ ಹೋದಾಗ ಅವರ ಅಂಗಡಿಯ ಮುಂದೆ ಒಂದು ಬೋರ್ಡಿತ್ತು: ಹಳೆಯ ಕ್ಯಾಸೆಟ್ ತಂದರೆ ಪುಕ್ಕಟೆ ಮತ್ತೆ ತುಂಬಿಸಿ ಕೊಡಲಾಗುವುದು. ವ್ಯಾಪಾರ ಬಿದ್ದುಹೋಗಿರಬೇಕು ಅಂದುಕೊಂಡೆ. ಒಳಗಿನಿಂದ ಅವರು ಕರೆದರು. "ಸಾಹೇಬ್ರ, ನಿಮ್ಮವೂ ತರ್ರಿ." ನಾಳೆ ಬರ್ತೀನಿ ಎಂದೆ. ಹೋಗಲಿಲ್ಲ. ಆಮೇಲೆ ಎಂದೂ ಹೋಗಲಿಲ್ಲ.

ರಕ್ತ ಕೊಟ್ಟು ಬಂದ ದಿನ ಈ ಬೋರ್ಡು ನನ್ನನ್ನು ಬಹಳ ಕಾಡಿತು. ಸುಳ್ಳು ಹೇಳಿ ಪಾರಾದ ಮನುಷ್ಯ ಊರಿನವರ ಕ್ಯಾಸೆಟ್ಟುಗಳನ್ನೆಲ್ಲ ಪುಕ್ಕಟೆ ಯಾಕೆ ತುಂಬಿಸಿ ಕೊಟ್ಟಾನು? ಸೊರಬದ ಗೆಳೆಯನಿಗೆ ಫೋನ್ ಮಾಡಿ, ಅವತ್ತು ಅಂಗಡಿಯವರು ಎರಡೇ ಅಂದರಲ್ಲ ಎಂದು ಕೇಳಿದೆ.

"ಯಾರು? ಅವರಾ? ತಲೆ ಕೆಟ್ಟಿದ್ಯೇನೋ ಮಾರಾಯಾ," ಎಂದ. "ಎರಡೇ ಎರಡೇ ಅಂತ ಕೂಗಿದ್ದು ನೀನು. ಕೂಗಿ ಸಿಟ್ಟಲ್ಲಿ ಎದ್ದು ಹೊರಗೆ ಹೋದೆ. ಅವರು ಎದ್ದು ನಿಂತಿದ್ದು ಆಮೇಲೆ."

"ನಿಂತು ಏನಂದ್ರು?"

"ತಪ್ಪು ನಂದು, ನಾನೇ ಕತ್ತರಿಸಿದ್ದೆ ಅಂದ್ರು. ಆ ಚರಣ ಹಾಡಿದ್ರು. ಚಪ್ಪಾಳೆನೂ ಅವರೇ ಹಾಕ್ಕೊಂಡ್ರು ಮಾರಾಯಾ, ಬೇರೆ ಯಾರೂ ಹಾಕ್ಲಿಲ್ಲ."

ನನಗೆ ನಂಬಲಾಗಲಿಲ್ಲ. ಗೆಳೆಯನ ನೆನಪೇ ತಪ್ಪಿರಬಹುದು. ಅವನು ಇಂಥ ವಿಷಯಕ್ಕೆ ಉಪ್ಪು ಖಾರ ಹಚ್ಚುವವನು. ಆದರೆ ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬನೇ ನಿಂತು ಶೇಂಗಾ ತಿಂದದ್ದು ನನಗೆ ನೆನಪಿದೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದದ್ದೂ... ನಾಲ್ವರು ಕೂಡಿ ಹೋದವರು, ನಾನೊಬ್ಬನೇ ಯಾಕೆ ವಾಪಸ್ ಬಂದೆ? ಈ ಪ್ರಶ್ನೆಯನ್ನು ನಾನು ಎಂದೂ ಕೇಳಿಕೊಂಡಿರಲಿಲ್ಲ. ಕಂಡವರನ್ನೆಲ್ಲ ಸಂಶಯದಿಂದ ನೋಡುವುದನ್ನು ಕಲಿತವನು ನನ್ನನ್ನೊಬ್ಬನನ್ನು ಬಿಟ್ಟಿದ್ದೆ.

"ನಿನ್ನ ಅನುಮಾನಕ್ಕೆ ಔಷಧ ಇಲ್ಲ," ಎಂದ ಗೆಳೆಯ. "ಅಂಕದ ಪುಸ್ತಕ ನನ್ನ ಹತ್ರಾನೇ ಇದೆ, ಬಂದು ನೋಡು. ಅವರನ್ನೇ ಕೇಳೋಣ ಅಂದ್ರೆ ಅವರು ತೀರಿಹೋಗಿ ನಾಲ್ಕು ವರ್ಷ ಆಯ್ತು."

ಅದು ನನಗೆ ಗೊತ್ತಿರಲಿಲ್ಲ.

ಹೋದ ವಾರ ಸೊರಬಕ್ಕೆ ಹೊರಟೆ. ದಾರಿಯಲ್ಲಿ ಶಿಕಾರಿಪುರದಲ್ಲಿ ಇಳಿದೆ. ಅಂಗಡಿ ಇದ್ದ ಜಾಗದಲ್ಲಿ ಈಗ ಚಪ್ಪಲಿ ಮಾರುತ್ತಾರೆ. ಒಳಗಿದ್ದ ಹುಡುಗಿ "ಯಾವ ನಂಬರ್ ಸಾರ್?" ಎಂದಳು. ಏನೂ ಬೇಡ ಎಂದು ಹೊರಬಂದೆ. ಕ್ಷಮೆ ಕೇಳಬೇಕೆಂದರೆ ಕೇಳಲು ಯಾರೂ ಉಳಿದಿಲ್ಲ. ನನ್ನ ಕಥೆ ಕೇಳಿ ನಕ್ಕವರನ್ನೆಲ್ಲ ಹುಡುಕಿ ತಿದ್ದಿ ಹೇಳುವುದೂ ಆಗದ ಮಾತು. ಅವರ "ಎರಡೇ ಅದಾವ್ರಿ" ಈಗಲೂ ನನ್ನ ಕಿವಿಯಲ್ಲಿ ಅವರದೇ ದನಿಯಲ್ಲಿ ಕೇಳುತ್ತದೆ. ಅದನ್ನು ಏನು ಮಾಡಬೇಕೋ ತಿಳಿಯದು.

ಗೆಳೆಯ ಪುಸ್ತಕದ ಆ ಪುಟ ತೆಗೆದು ನನ್ನ ಮುಂದಿಟ್ಟು ಕಾಫಿ ತರಲು ಒಳಗೆ ಹೋದ. ಹನ್ನೊಂದನೆಯ ಪ್ರಶ್ನೆಯ ಸಾಲಿನಲ್ಲಿ ಯಾವ ತಂಡಕ್ಕೂ ಅಂಕವಿಲ್ಲ. ಪಕ್ಕದಲ್ಲಿ ಅವನ ಅಕ್ಷರದಲ್ಲಿ ಹೀಗಿದೆ: ಪ್ರಶ್ನೆ ರದ್ದು, ಸಭೆಯಲ್ಲಿದ್ದ ಶಿಕಾರಿಪುರದ ಕ್ಯಾಸೆಟ್ ಅಂಗಡಿಯವರು ಮೂರನೆಯ ಚರಣವನ್ನು ಪೂರ್ತಿ ಹಾಡಿ ಉತ್ತರ ಬಯಲಾದ್ದರಿಂದ.